ಮುತ್ಯಾನ ಪಿಸ್ತೂಲಿಗೊಂದು ಮ್ಯಾಗಜಿನ್

2024ರ ಆಯುಧಪೂಜೆ. ಬೆಟಗೇರಿಯ ನಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ತಕ್ಕಡಿಗೂ ಟಂಟಂ ಗಾಡಿಗೂ ಬಿಲ್ ಹೊಡೆಯುವ ಮಷೀನಿಗೂ ಕಾಯಿ ಒಡೆದು ಮನೆಗೆ ಬಂದಾಗ ಮಧ್ಯಾಹ್ನ ಮೂರು. ಊಟಕ್ಕೆ ಮುಂಚೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ತಿಜೋರಿಯಿಂದ ಮುತ್ಯಾನ ಪಿಸ್ತೂಲು ತೆಗೆದು, ಹಳೇ ಧೋತರದ ತುಂಡಿನಿಂದ ಒರೆಸಿ, ಒಂದೆರಡು ಹನಿ ಎಣ್ಣೆ ಬಿಟ್ಟು ದೇವರ ಮುಂದೆ ಇಡುವುದು. ಗುಂಡುಗಳು ಬೇರೆ ಡಬ್ಬಿಯಲ್ಲಿ, ಬೇರೆ ಕಪಾಟಿನಲ್ಲಿ. ಅದು ಮುತ್ಯಾನ ಕಾಲದಿಂದ ಬಂದ ರೂಢಿ.

ಒರೆಸಿದ ಮೇಲೆ ಖಾಲಿ ಮ್ಯಾಗಜಿನ್, ಅಂದರೆ ಗುಂಡು ತುಂಬುವ ತಗಡಿನ ಗೂಡು, ಹಿಡಿಕೆಯ ಒಳಗೆ ದೂಡಿದೆ. ಹಿಡಿಕೆಯ ತಳದ ಕೊಂಡಿ ಟಕ್ ಅಂದಿತು. ಮಣೆಯ ಮೇಲೆ ಇಡಬೇಕು ಅನ್ನುವಷ್ಟರಲ್ಲಿ ಜೋಕಾಲಿಯ ಮೇಲೆ ಕೂತಿದ್ದ ಅಪ್ಪ, "ಇನ್ನೊಮ್ಮೆ ಅಳ್ಳಾಡಿಸು," ಅಂದರು. ಅಳ್ಳಾಡಿಸಿದೆ. ಒಳಗೆ ಗಿಲಗಿಚ್ಚಿಯಂತೆ ಸಪ್ಪಳ.

"ಅದು ನಮ್ಮದಲ್ಲ ತಮ್ಮಾ."

"ಯಾವುದು ನಮ್ಮದಲ್ರಿ?"

"ಮ್ಯಾಗಜಿನ್. ನಮ್ಮದು ಸಪ್ಪಳ ಮಾಡೂದಿಲ್ಲ."

ಅಪ್ಪನಿಗೆ ಎಪ್ಪತ್ತೊಂಬತ್ತು. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೂ ಪೇಪರಿನ ದಪ್ಪಕ್ಷರ ಬಿಟ್ಟು ಬೇರೇನೂ ಓದಲಾಗುವುದಿಲ್ಲ. ಹಾಗಾಗಿ ನಾನು ಅಷ್ಟು ಲಕ್ಷ್ಯ ಕೊಡಲಿಲ್ಲ. ಅವರು ಬಿಡಲಿಲ್ಲ. "ನಮ್ಮದು ಒಂಬತ್ತು ಹಿಡೀತದ. ತುಂಬಿ ನೋಡು." ಪಿಸ್ತೂಲನ್ನು ತಿಜೋರಿಯಲ್ಲಿ ಕೀಲಿ ಹಾಕಿ ಬಂದು, ಬರೀ ಮ್ಯಾಗಜಿನ್ನಿಗೆ ಗುಂಡು ತುಂಬುತ್ತ ಹೋದೆ. ಎಂಟು ಹೋದವು. ಒಂಬತ್ತನೆಯದಕ್ಕೆ ಹೆಬ್ಬೆರಳು ಕೆಂಪಾಯಿತೇ ಹೊರತು ಅದು ಒಳಗೆ ಹೋಗಲಿಲ್ಲ.

ಆಮೇಲೆ ಇಡೀ ಮನೆಯಲ್ಲಿ ಹುಡುಕಾಟ. ನಮ್ಮ ಮ್ಯಾಗಜಿನ್ ಎಲ್ಲೂ ಇರಲಿಲ್ಲ. ಇರುವ ದಾರಿಯೂ ಇರಲಿಲ್ಲ. ಯಾಕೆಂದರೆ ನಮ್ಮಲ್ಲಿ ಇದ್ದದ್ದೇ ಒಂದು, ಮತ್ತು ಒಂದು ಕೈಯಲ್ಲೇ ಇತ್ತು.

ಎಲ್ಲಿ ಅದಲುಬದಲಾಗಿದೆ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲೈಸೆನ್ಸ್ ಇರುವ ಎಲ್ಲರಿಗೂ ಗೊತ್ತು, ಚುನಾವಣೆ ಘೋಷಣೆ ಆಯಿತೆಂದರೆ ಸಾಮಾನ್ಯವಾಗಿ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಲೋಕಸಭೆ ಚುನಾವಣೆಗೆ ಮಾರ್ಚ್‌ನಲ್ಲಿ ಕೊಟ್ಟಿದ್ದೆ, ನಮ್ಮ ಕಡೆ ಮತದಾನ ಮೇ 7ಕ್ಕೆ, ಫಲಿತಾಂಶ ಬಂದು ಎಲ್ಲ ತಣ್ಣಗಾದ ಮೇಲೆ ಜೂನ್‌ನಲ್ಲಿ ವಾಪಸ್ ತಂದೆ. ಕೊಡುವಾಗ ಮ್ಯಾಗಜಿನ್ ಬಿಚ್ಚಿ ಬೇರೆ ಕೊಟ್ಟಿದ್ದೆ. ಅಲ್ಲಿ ಒಂದೇ ಟ್ರಂಕಿನಲ್ಲಿ ಊರವರದ್ದೆಲ್ಲ ಇತ್ತು. ಪಿಸ್ತೂಲಿಗೆ ನಂಬರ್ ಇರುತ್ತದೆ, ಅದು ರಸೀದಿಯಲ್ಲಿ ಬರುತ್ತದೆ. ಮ್ಯಾಗಜಿನ್ನಿಗೆ ನಂಬರ್ ಇಲ್ಲ.

ರಸೀದಿ ಹಿಡಿದು ಹೋದಾಗ ರೈಟರ್ ಸಮಾಧಾನದಿಂದಲೇ ಓದಿ ಹೇಳಿದರು: "ಒಂದು ಪಿಸ್ತೂಲು, ಒಂದು ಮ್ಯಾಗಜಿನ್. ಒಂದು ಕೊಟ್ಟೇವಿ. ನೀವು ಸಹಿ ಮಾಡೀರಿ." ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವತ್ತು ಠಾಣೆಯ ಮೇಜಿನ ಮೇಲೆ ಒಮ್ಮೆ ಅಳ್ಳಾಡಿಸಿ ನೋಡಿದ್ದರೆ ಐದು ನಿಮಿಷದ ಕೆಲಸ. ಅಂಗಡಿಗೆ ಗೊಬ್ಬರದ ಲಾರಿ ಬಂದಿದೆ ಎಂಬ ಅವಸರದಲ್ಲಿ ಚೀಲದೊಳಗೆ ಹಾಕಿಕೊಂಡು ಬಂದವನು ನಾನು. ಈಗ ಜಮಾ ಮಾಡುವ ಮುಂಚೆ ಪಿಸ್ತೂಲು, ಮ್ಯಾಗಜಿನ್ ಎರಡರ ಫೋಟೋ ಎರಡೂ ಮಗ್ಗುಲಿನಿಂದ ತೆಗೆದು ಇಟ್ಟುಕೊಳ್ಳುತ್ತೇನೆ.

ಇನ್ನು ಪಿಸ್ತೂಲಿನ ಬಗ್ಗೆ ಸ್ವಲ್ಪ. ಮುತ್ಯಾ ಹತ್ತಿಯ ಅಡತಿ ಮಾಡುತ್ತಿದ್ದರು. ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಗದಗಿಗೆ ರೊಕ್ಕದ ಗಂಟು ಹೊತ್ತು ತಿರುಗಬೇಕು. ಅದಕ್ಕೆಂದು ತೆಗೆದುಕೊಂಡದ್ದು. ಮೊದಲ ಲೈಸೆನ್ಸ್ ಪುಸ್ತಕ ಮುಂಬಯಿ ಸರಕಾರದ ಕಾಲದ್ದು. 1956ರ ನಂತರ ಮೈಸೂರು ರಾಜ್ಯದ ಮುದ್ರೆ, 1973ರ ನಂತರ ಕರ್ನಾಟಕದ್ದು, 1997ರವರೆಗೆ ಧಾರವಾಡ ಜಿಲ್ಲೆಯ ಸಾಹೇಬರ ಸಹಿ, ಆಮೇಲೆ ಗದಗ ಜಿಲ್ಲೆ ಆದ ಮೇಲೆ ಇಲ್ಲಿಯ ಡಿಸಿಯವರದ್ದು. ಪಿಸ್ತೂಲು ಮನೆ ಬಿಟ್ಟು ಹೋಗಲಿಲ್ಲ, ಮುದ್ರೆಗಳು ಮಾತ್ರ ಬದಲಾದವು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ ಎಪ್ಪತ್ತು ತುಂಬಿದರೆ, ಇಲ್ಲವೆ ಆಯುಧ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ಹಾಗೆ 2017ರಲ್ಲಿ ಅಪ್ಪನ ಕೈಯಿಂದ ನನ್ನ ಹೆಸರಿಗೆ ಬಂತು. ಅವಾಗ ಒಬ್ಬ ಗುಮಾಸ್ತರು ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಮೇಲಿನ ಬರಹ ಓದಿ, "ಆಟೋಮ್ಯಾಟಿಕ್ ಅಂತ ಅದಲ್ರಿ, ನಿಷೇಧ ಆಗ್ತದ," ಎಂದು ಫೈಲನ್ನು ಮೂರು ವಾರ ಪಕ್ಕಕ್ಕಿಟ್ಟಿದ್ದರು. ಹಳೇ ಕಾಲದವರು ಒಂದೊಂದೇ ಗುಂಡು ಹೊಡೆಯುವ ಪಿಸ್ತೂಲಿಗೂ ಆಟೋಮ್ಯಾಟಿಕ್ ಎಂದೇ ಕೆತ್ತುತ್ತಿದ್ದರು, ಗುಂಡು ತಾನಾಗಿ ಮೇಲೆ ಬಂದು ಕೂಡುತ್ತದೆ ಎಂಬ ಅರ್ಥದಲ್ಲಿ. ಅದನ್ನು ತಿಳಿಸಿ ಹೇಳುವುದೇ ಒಂದು ಪಾಠವಾಯಿತು.

ಲೈಸೆನ್ಸ್ ಪುಸ್ತಕದಲ್ಲಿ ಇರುವುದು ಇಷ್ಟೇ: .32 ಪಿಸ್ತೂಲು, ಸ್ಪೇನ್, ನಂಬರ್. ನಾನು ಅದನ್ನೇ ಹಿಡಿದುಕೊಂಡು ಹೊರಟೆ. .32 ಮ್ಯಾಗಜಿನ್ ಕೊಡಿ ಎಂದರೆ ಯಾರೋ ಕೊಡುತ್ತಾರೆ ಎಂದುಕೊಂಡೆ. ಅಂಗಡಿಯಲ್ಲಿ ಕೂತು ಫೋನಿನಲ್ಲಿ "ಹಳೇ ಮ್ಯಾಗಜಿನ್ ಸಿಗಬೌದೇನ್ರಿ" ಎಂದು ಕೇಳುತ್ತಿದ್ದರೆ, ಬೀಜ ಒಯ್ಯಲು ಬಂದಿದ್ದ ಮಾಸ್ತರರು, "ಯಾವ ವರ್ಷದ್ದು ಬೇಕಾಗಿತ್ತು? ನಮ್ಮ ಸಾಲಿ ವಾಚನಾಲಯದಾಗ ಕಟ್ಟುಗಟ್ಲೆ ಅದಾವ," ಅಂದರು. ಮುದ್ರಣಾಲಯಗಳ ಊರು ಗದಗ. ಇಲ್ಲಿ ಮ್ಯಾಗಜಿನ್ ಎಂದರೆ ವಾರಪತ್ರಿಕೆ, ಮಾಸಪತ್ರಿಕೆ. ಅವರಿಗೆ ನಿಜ ಹೇಳುವ ಗೋಜಿಗೆ ಹೋಗಲಿಲ್ಲ.

ಮೊದಲು ಹೋದದ್ದು ಹುಬ್ಬಳ್ಳಿಯ ಗೋಕುಲ ರೋಡಿಗೆ. ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬನ ವರ್ಕ್‌ಶಾಪ್ ಇದೆ. ನಮ್ಮ ಬಿತ್ತುವ ಕೂರಿಗೆಯ ಬೀಜದ ತಟ್ಟೆಯನ್ನೂ ಪವರ್ ಟಿಲ್ಲರಿನ ಗೇರನ್ನೂ ಅವನೇ ಮಾಡಿಕೊಟ್ಟಿದ್ದ. ಆ ಬೇರೆಯವರ ಮ್ಯಾಗಜಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಇದೇನು, ಒಂದು ತಗಡು, ಒಂದು ಸ್ಪ್ರಿಂಗು. ಒಂದು ಸೆಂಟಿಮೀಟರ್ ಉದ್ದ ಮಾಡಿದ್ರ ಆತಲ್ಲ? ಎರಡು ದಿವಸ ಕೊಡು." ಸುಳ್ಳಲ್ಲ, ಅವನ ಕೈಗೆ ಅದು ಆಗದ ಕೆಲಸವೂ ಅಲ್ಲ. ನನಗೂ ಆಸೆ ಆಯಿತು. ಅವನ ಟೇಬಲ್ಲಿನ ಮೇಲೆ ಅದನ್ನು ಬಿಟ್ಟು ಬರುವ ಮನಸ್ಸೂ ಆಗಿತ್ತು. ಹೇಗೂ ಊರಿಗೆ ಬಂದಿದ್ದೇನೆ, ಒಂದು ಮಾತು ಕೇಳಿಯೇ ಬಿಡೋಣ ಎಂದು ಅಪ್ಪ ವರ್ಷಾನುಗಟ್ಟಲೆ ಗುಂಡು ಕೊಳ್ಳುತ್ತಿದ್ದ ಆಯುಧದ ಅಂಗಡಿಗೆ ಹೋದೆ.

ಅಂಗಡಿಯ ಹಿರಿಯರು ಎಪ್ಪತ್ತರ ಆಸುಪಾಸಿನವರು. ನಾನು ವರ್ಕ್‌ಶಾಪಿನ ಮಾತು ಎತ್ತುತ್ತಿದ್ದಂತೆ ಕೈ ಅಡ್ಡ ಮಾಡಿದರು. "ಅವಗೂ ಕೇಸು, ನಿಮಗೂ ಕೇಸು. ಆಯುಧದ ಭಾಗಾನೂ ಆಯುಧನ." 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಎಂಬ ಪದದ ಅರ್ಥದಲ್ಲೇ ಅದರ ಬಿಡಿಭಾಗಗಳೂ ಸೇರಿವೆ. ಮಾಡುವುದಕ್ಕೆ, ಮಾರುವುದಕ್ಕೆ, ರಿಪೇರಿಗೆ, ಕಡೆಗೆ ಪರೀಕ್ಷೆ ಮಾಡುವುದಕ್ಕೂ ಬೇರೆ ಲೈಸೆನ್ಸ್ ಬೇಕು. ಬೀಜದ ತಟ್ಟೆ ಬೇರೆ, ಇದು ಬೇರೆ. ಹೊರಗೆ ಬಂದು ಗೆಳೆಯನಿಗೆ ಫೋನ್ ಮಾಡಿ ಬೇಡ ಅಂದೆ. "ನೀ ಅಂಜುಬುರುಕ ಅದಿ," ಅಂದ. ಇರಲಿ.

ಹಿರಿಯರು ಪಿಸ್ತೂಲನ್ನು ಕೇಳಿ ಇಸಿದುಕೊಂಡು, ಖಾಲಿ ಇದೆಯೋ ಎಂದು ಸ್ಲೈಡ್ ಎಳೆದು ಬೆರಳಿಟ್ಟು ನೋಡಿ, ಆಮೇಲೆ ಕನ್ನಡಕದ ಮೇಲೆ ಇನ್ನೊಂದು ಭೂತಗಾಜು ಇಟ್ಟುಕೊಂಡರು. ನಲವತ್ತು ವರ್ಷದಿಂದ ನಮ್ಮ ಮನೆಯವರು ಯಾರೂ ಓದದೆ ಬಿಟ್ಟಿದ್ದ ಅಕ್ಷರಗಳನ್ನು ಅವರು ಜೋರಾಗಿ ಓದಿದರು: 1914 ಮಾಡೆಲ್, ಐಬಾರ್. ಹಿಡಿಕೆಯ ಎಡಗಡೆ, ಹಿಂದಿನ ಅಂಚಿನಲ್ಲಿ, ತತ್ತಿಯಾಕಾರದ ಗೆರೆಯೊಳಗೆ ಕಾಳಿನಷ್ಟು ಸಣ್ಣ ಎರಡು ಅಕ್ಷರ: ಬಿ, ಎಚ್.

"ರೂಬಿ ಜಾತೀದು. ಇದಕ್ಕ ನೀವು ಮ್ಯಾಗಜಿನ್ ಹುಡುಕ್ತೀನಿ ಅಂದ್ರ ಸೂಜಿ ಹುಡುಕಿದ್ಹಂಗ," ಅಂದರು. ಆಮೇಲೆ ಚಹಾ ತರಿಸಿ ಅವರು ಹೇಳಿದ್ದನ್ನು, ನಾನು ಮನೆಗೆ ಬಂದು ಓದಿ ಗಟ್ಟಿ ಮಾಡಿಕೊಂಡದ್ದನ್ನು ಕೂಡಿಸಿ ಹೇಳುತ್ತೇನೆ.

ಐಬಾರ್ ಎನ್ನುವುದು ಸ್ಪೇನಿನ ಬಾಸ್ಕ್ ಸೀಮೆಯ ಒಂದು ಊರು. ಮನೆಮನೆಗೂ ಕೋವಿ ಮಾಡುವ ಕಸುಬು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯಕ್ಕೆ ಪಿಸ್ತೂಲು ಸಾಲದಾದವು. 1915ರಲ್ಲಿ ಅವರು ಐಬಾರಿನ ಗಾಬಿಲೊಂಡೊ ಎಂಬ ಕಾರ್ಖಾನೆಗೆ ರೂಬಿ ಎಂಬ ಪಿಸ್ತೂಲು ಮಾಡಿಕೊಡಿ ಎಂದು ದೊಡ್ಡ ಆರ್ಡರ್ ಕೊಟ್ಟರು. ತಿಂಗಳಿಗೆ ಹತ್ತು ಸಾವಿರದಿಂದ ಶುರುವಾದದ್ದು ಏರುತ್ತಲೇ ಹೋಯಿತು. ಒಬ್ಬರ ಕೈಲಿ ಆಗದಾಗ ಅಕ್ಕಪಕ್ಕದವರಿಗೆ ಹಂಚಿದರು, ಅವರು ಮತ್ತೊಬ್ಬರಿಗೆ. ಕಡೆಕಡೆಗೆ ಹತ್ತಾರು ವರ್ಕ್‌ಶಾಪುಗಳು ಒಂದೇ ನಮೂನೆಯ ಪಿಸ್ತೂಲು ಮಾಡತೊಡಗಿದವು. ನಮೂನೆ ಒಂದೇ, ಅಳತೆ ಮಾತ್ರ ಅವರವರದ್ದು. ಒಬ್ಬರ ಮ್ಯಾಗಜಿನ್ ಇನ್ನೊಬ್ಬರ ಪಿಸ್ತೂಲಿಗೆ ಕೂಡುತ್ತಿರಲಿಲ್ಲ. ಸೈನ್ಯದಲ್ಲಿ ಅದು ಪ್ರಾಣಕ್ಕೆ ಬರುವ ವಿಷಯ. ಅದಕ್ಕೇ ಯಾರು ಮಾಡಿದ್ದು ಎಂದು ಗುರುತಿಗೆ ಎರಡಕ್ಷರ ಒತ್ತಿದರು, ಪಿಸ್ತೂಲಿನ ಮೇಲೂ ಮ್ಯಾಗಜಿನ್ನಿನ ತಳದಲ್ಲೂ. ನೂರು ವರ್ಷದ ಹಿಂದೆ ಫ್ರೆಂಚ್ ಸಿಪಾಯಿಗಳಿಗೆ ಬಿದ್ದ ಪೆಟ್ಟೇ ಗದಗಿನಲ್ಲಿ ನನಗೂ ಬಿತ್ತು ಎಂದಾಯಿತು.

ಬಿ, ಎಚ್ ಎಂದರೆ ಬೈಸ್ಟೆಗಿ ಹೆರ್ಮಾನೋಸ್, ಅಂದರೆ ಬೈಸ್ಟೆಗಿ ಸಹೋದರರು. 1909ರಲ್ಲಿ ಕೋವಿ ಮಾಡಲು ಶುರು ಮಾಡಿದವರು, ಯುದ್ಧ ಮುಗಿದು ಗಿರಾಕಿ ಕಡಿಮೆಯಾದ ಮೇಲೆ 1920ರ ದಶಕದಲ್ಲಿ ಸೈಕಲ್ಲಿಗೆ ಇಳಿದರು. ಅದೇ ಬಿ.ಎಚ್. ಹೆಸರಿನ ಸೈಕಲ್ ಇವತ್ತಿಗೂ ಇದೆ. ಅದೇ ಊರಿನ ಓರ್ಬಿಯಾದವರೂ ಕೋವಿ ಬಿಟ್ಟು ಸೈಕಲ್ ಹಿಡಿದವರೇ. ಆಲ್ಫಾ ಎಂಬ ಇನ್ನೊಂದು ಸಹಕಾರಿ ಕಾರ್ಖಾನೆ ಹೊಲಿಗೆ ಯಂತ್ರಕ್ಕೆ ಹೋಯಿತು. ಇದನ್ನು ಓದುವಾಗ ನನಗೆ ಗೋಕುಲ ರೋಡೇ ನೆನಪಾಯಿತು. ಪಂಪಿನ ಆರ್ಡರ್ ನಿಂತರೆ ಕೂರಿಗೆ, ಕೂರಿಗೆ ನಿಂತರೆ ಗೇಟಿನ ಗ್ರಿಲ್.

ಹಿರಿಯರು ನನ್ನ ಕೈಯಲ್ಲಿದ್ದ ಅಪರಿಚಿತ ಮ್ಯಾಗಜಿನ್ನನ್ನೂ ನೋಡಿದರು. "ಇದೂ ಐಬಾರದ್ದ. ಆದ್ರ ಎಂಟರದು. ನಿಮ್ಮ ಪಿಸ್ತೂಲಿಗೆ ಒಂದು ಗುಂಡಿನಷ್ಟು ಗಿಡ್ಡ." ಡಮ್ಮಿ ಗುಂಡು ತುಂಬಿ, ಒಳಗೆ ಕೂಡಿಸಿ, ಸ್ಲೈಡ್ ನಿಧಾನ ಬಿಟ್ಟು ತೋರಿಸಿದರು. ಸ್ಲೈಡು ಗುಂಡಿನ ತಲೆಯ ಮೇಲಿಂದ ಹಾಯ್ದು ಖಾಲಿಯಾಗಿಯೇ ಮುಚ್ಚಿಕೊಂಡಿತು.

ಅಲ್ಲಿಯವರೆಗೆ ಮ್ಯಾಗಜಿನ್ ಎಂದರೆ ಗುಂಡಿನ ಡಬ್ಬಿ ಎಂದಷ್ಟೇ ನಾನು ತಿಳಿದಿದ್ದೆ. ಅದರ ಕೆಲಸವೆಲ್ಲ ಮೇಲಿನ ಎರಡು ತುಟಿಗಳಲ್ಲಿದೆ. ತಳದಿಂದ ಸ್ಪ್ರಿಂಗು ಗುಂಡುಗಳನ್ನು ಮೇಲಕ್ಕೆ ನೂಕುತ್ತಿರುತ್ತದೆ, ತುಟಿಗಳು ಎಲ್ಲಕ್ಕಿಂತ ಮೇಲಿನದನ್ನು ಸ್ವಲ್ಪ ಮೂಗು ಎತ್ತಿದ ಹಾಗೆ ಹಿಡಿದಿರುತ್ತವೆ. ಸ್ಲೈಡು ಮುಂದೆ ಬರುವಾಗ ಆ ಗುಂಡಿನ ಬೆನ್ನಿಗೆ ಕೊಟ್ಟು ನಳಿಕೆಯೊಳಗೆ ದೂಡಬೇಕು. ಮ್ಯಾಗಜಿನ್ ಕೂದಲೆಳೆ ಕೆಳಗಿದ್ದರೆ ಸ್ಲೈಡಿಗೆ ಗುಂಡು ಸಿಗುವುದಿಲ್ಲ, ಮೇಲಿದ್ದರೆ ಸ್ಲೈಡಿಗೆ ತುಟಿ ಉಜ್ಜುತ್ತದೆ. ತುಟಿ ಅಗಲವಾದರೆ ಎರಡು ಗುಂಡು ಒಟ್ಟಿಗೆ ಹಾರುತ್ತವೆ, ಬಿಗಿಯಾದರೆ ಒಂದೂ ಬಿಡುವುದಿಲ್ಲ. ಹೀಗಾಗಿ ಬೋರ್ (ನಳಿಕೆಯ ಅಳತೆ) ಒಂದೇ ಇದ್ದರೆ ಸಾಲದು, ಒಳಗೆ ಹೋದರೂ ಸಾಲದು, ಕೊಂಡಿ ಬಿದ್ದರೂ ಸಾಲದು.

ಬೋರ್ ಎಂದರೂ ಗೊಂದಲವೇ. ನಮ್ಮ ದೇಶದಲ್ಲಿ ಲೈಸೆನ್ಸ್‌ದಾರರ ಹತ್ತಿರ ಹೆಚ್ಚು ಇರುವ .32 ಎಂದರೆ ಸರಕಾರಿ ಕಾರ್ಖಾನೆಯ ರಿವಾಲ್ವರ್. ಅದರ ಗುಂಡು ಬೇರೆ, ಉದ್ದ, ಅಂಚು ದಪ್ಪ. ಪಿಸ್ತೂಲಿನದು .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್), 7.65 ಎಂಎಂ ಎಂದೂ ಕರೆಯುತ್ತಾರೆ. ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಬೆಲ್ಜಿಯಂನ ಎಫ್‌ಎನ್ ಕಂಪನಿಗಾಗಿ ಮಾಡಿದ್ದು. ನಾನು ಫೋನಿನಲ್ಲಿ ಬರೀ ".32" ಎಂದು ಕೇಳಿದಾಗ ಇಬ್ಬರು ರಿವಾಲ್ವರ್ ಇರಬೇಕೆಂದು ತಿಳಿದು, "ರಿವಾಲ್ವರಿಗೆ ಎಲ್ಲಿ ಮ್ಯಾಗಜಿನ್ರೀ?" ಎಂದು ನಕ್ಕಿದ್ದರು.

ಹುಡುಕಾಟ ಅಲ್ಲಿಂದ ಸರಿಯಾಗಿ ಶುರುವಾಯಿತು. ಬೆಳಗಾವಿಯಲ್ಲಿ ಏನೂ ಸಿಗಲಿಲ್ಲ. ಡಿಸೆಂಬರಿನಲ್ಲಿ ಮದುವೆಯೊಂದಕ್ಕೆ ಬೆಂಗಳೂರಿಗೆ ಹೋಗುವುದಿತ್ತು. ನನ್ನ ಲೈಸೆನ್ಸಿನ ವ್ಯಾಪ್ತಿ ಇಡೀ ಕರ್ನಾಟಕ, ಹಾಗಾಗಿ ಖಾಲಿ ಪಿಸ್ತೂಲು ಪೆಟ್ಟಿಗೆಯಲ್ಲಿ, ಲೈಸೆನ್ಸ್ ಪುಸ್ತಕ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಒಯ್ದೆ. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮದುವೆಗೆ ಹೋಗುವಾಗ ಯಾರಾದರೂ ಪಿಸ್ತೂಲು ಒಯ್ಯುತ್ತಾರೇನು ಎಂಬ ಪ್ರಶ್ನೆಯನ್ನು ಅವಳು ಗದಗ ಬಿಡುವ ಮುಂಚೆಯೇ ಕೇಳಿ ಮುಗಿಸಿದ್ದಳು.

ಅಲ್ಲಿಯ ಒಂದು ಹಳೇ ಅಂಗಡಿಯಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಸುರುವಿದರು. ಇಪ್ಪತ್ತಾದರೂ ಇದ್ದವು, ಕೆಲವು ಕಪ್ಪಗೆ, ಕೆಲವು ನಿಕ್ಕಲ್ ಹೊಳಪಿನವು, ಕೆಲವು ಹುಣಸೆಹಣ್ಣಿನ ಬಣ್ಣದ ತುಕ್ಕು. ಒಂದೊಂದೇ ಹಾಕಿ ನೋಡಿದೆವು. ವಾಲ್ಥರ್ ಪಿಪಿಯದು ಅಂದವಾಗಿತ್ತು, ಆದರೆ ಅದರ ಕೊಂಡಿ ತಳದಲ್ಲಲ್ಲ, ಪಕ್ಕದ ಗುಂಡಿಯಲ್ಲಿ. ನಮ್ಮದರಲ್ಲಿ ಹಿಡಿಯಲು ಏನೂ ಇಲ್ಲ, ಕೈ ಬಿಟ್ಟರೆ ಕೆಳಗೆ ಬಿತ್ತು. ಲಾಮಾದ ಕತೆಯೂ ಅಷ್ಟೇ. ರೂಬಿ ಮಾಡಿದ ಗಾಬಿಲೊಂಡೊದವರೇ ಮುಂದೆ ಲಾಮಾ ಹೆಸರಿನಲ್ಲಿ ಪಿಸ್ತೂಲು ಮಾಡಿದ್ದು, ಒಂದೇ ಮನೆತನ ಎಂದು ನಾನು ಆಸೆ ಇಟ್ಟುಕೊಂಡಿದ್ದೆ. ಬ್ರೌನಿಂಗ್ 1910ರದು ಏಳು ಗುಂಡಿನದು, ಗಿಡ್ಡ. ಕೋಲ್ಟ್ 1903ರದು ಹಾಕಿದಾಗ ಮಾತ್ರ ನನ್ನ ಎದೆ ಹೊಡೆದುಕೊಂಡಿತು. ಅಣ್ಣತಮ್ಮಂದಿರ ಹಾಗೆ ಕಾಣುತ್ತದೆ, ಯಾಕೆಂದರೆ ಐಬಾರಿನವರು ನಕಲು ಮಾಡಿದ್ದೇ ಬ್ರೌನಿಂಗ್‌ನ ಆ ವಿನ್ಯಾಸವನ್ನು. ತಳದಲ್ಲೇ ಕೊಂಡಿ, ಒಳಗೂ ಸಲೀಸಾಗಿ ಹೋಯಿತು. ಅಳ್ಳಾಡಿಸಿದೆ. ಗಿಲಗಿಲ. ಅದೂ ಎಂಟರದು.

ಅಪ್ಪನ ಕಿವಿ ಅಷ್ಟು ಹೊತ್ತಿಗೆ ನನ್ನ ಕಿವಿಯೂ ಆಗಿತ್ತು.

ಇಂಟರ್ನೆಟ್ಟಿನಲ್ಲಿ ನೋಡಿದವರಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಅಮೆರಿಕದಲ್ಲಿ ಟ್ರಿಪಲ್ ಕೆ ಎಂಬ ಕಂಪನಿ ಇಂಥ ಹಳೇ ಪಿಸ್ತೂಲುಗಳಿಗೆ ಹೊಸದಾಗಿ ಮ್ಯಾಗಜಿನ್ ಮಾಡಿ ಮಾರುತ್ತದೆ, ಅಲ್ಲಿಯವರಿಗೆ ಅದು ಮನೆ ಬಾಗಿಲಿಗೆ ಬರುತ್ತದೆ. ನಾವು ತರಿಸಿಕೊಂಡರೆ ಬಾಗಿಲಿಗೆ ಬರುವವರು ಬೇರೆ. ಆಯುಧದ ಭಾಗ ಆಮದು ಮಾಡಲು ಲೈಸೆನ್ಸ್ ಬೇಕು, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಖಾಸಗಿಯವರು ವಿದೇಶಿ ಪಿಸ್ತೂಲು ತರಿಸುವ ದಾರಿಯೇ 1980ರ ದಶಕದಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಯಿತು. ಅದಕ್ಕೆ ಮುಂಚೆ ಬಂದಿದ್ದವೇ ಕೈಯಿಂದ ಕೈಗೆ ತಿರುಗುತ್ತಿರುವುದು. ಪಿಸ್ತೂಲು ಗಟ್ಟಿ, ನೂರು ವರ್ಷ ಬಾಳುತ್ತದೆ. ಮ್ಯಾಗಜಿನ್ ತಗಡು, ಬಿದ್ದರೆ ತುಟಿ ಬಾಗುತ್ತದೆ, ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪಿಸ್ತೂಲುಗಳು ಉಳಿದಿವೆ, ಮ್ಯಾಗಜಿನ್‌ಗಳು ಉಳಿದಿಲ್ಲ.

ಹುಬ್ಬಳ್ಳಿಯ ಹಿರಿಯರೇ ಮತ್ತೆ ದಾರಿ ತೋರಿಸಿದರು. "ಕಲಕತ್ತಾದಾಗ ಹಳೇ ಮಂದಿ ಅದಾರ. ಅವರ ಹಂತೇಕ ಇದ್ರ ಇರಬೇಕು. ಆದ್ರ ನಿಮ್ಮ ಪಿಸ್ತೂಲು ಅಲ್ಲಿಗೆ ಒಯ್ಯಾಕ ಬರೂದಿಲ್ಲ." ನನ್ನ ಲೈಸೆನ್ಸ್ ಕರ್ನಾಟಕದ ಗಡಿಗೆ ಮುಗಿಯುತ್ತದೆ. ಹಾಗಾದರೆ ಪಿಸ್ತೂಲು ಇಲ್ಲದೆ ಅದರ ಮ್ಯಾಗಜಿನ್ ಆರಿಸುವುದು ಹೇಗೆ?

ಅಳತೆ ಕಳಿಸಬೇಕು. ಅಲ್ಲಿಯವರೆಗೆ ಕಾಲು ಗುರುತು ತೆಗೆದು ಚಪ್ಪಲಿ ತರಿಸಿದ್ದನ್ನು ಕೇಳಿದ್ದೆ. ಒಂದು ಭಾನುವಾರ ಊಟದ ಟೇಬಲ್ ಮೇಲೆ ಗ್ರಾಫ್ ಹಾಳೆ, ಮಗನ ಡಿಪ್ಲೊಮಾದ ವರ್ನಿಯರ್, ಟಾರ್ಚು ಇಟ್ಟುಕೊಂಡು ಕೂತೆ. ಮ್ಯಾಗಜಿನ್ ಇಲ್ಲ, ಆದ್ದರಿಂದ ಅದು ಕೂಡುವ ಖಾಲಿ ಜಾಗವನ್ನೇ ಅಳೆಯಬೇಕು. ಹಿಡಿಕೆಯ ಬಾವಿಯ ಅಗಲ, ಮುಂದಿನಿಂದ ಹಿಂದಕ್ಕೆ ಎಷ್ಟು, ಕೊಂಡಿಯ ಹಲ್ಲಿನಿಂದ ಸ್ಲೈಡಿನ ತಳದವರೆಗೆ ಎಷ್ಟು. ಬೇರೆಯವರ ಎಂಟರ ಮ್ಯಾಗಜಿನ್ ಇಲ್ಲಿ ಉಪಯೋಗಕ್ಕೆ ಬಂತು. ಅದನ್ನು ಒಳಗಿಟ್ಟು, ಮೇಲಿನಿಂದ ಟಾರ್ಚು ಬಿಟ್ಟು, ತುಟಿ ಎಲ್ಲಿರಬೇಕಿತ್ತೋ ಅಲ್ಲಿಗೆ ಎಷ್ಟು ಕಡಿಮೆ ಬಿದ್ದಿದೆ ಎಂದು ಅಳೆದೆ. ಸುಮಾರು 8 ಮಿಲಿಮೀಟರ್. ಹಿರಿಯರು ಬಾಯಲ್ಲಿ ಹೇಳಿದ್ದ ಒಂದು ಗುಂಡಿನ ಲೆಕ್ಕ ಅಷ್ಟೇ ಆಯಿತು. ಮೂರು ಸಲ ಅಳೆದರೆ ಮೂರು ಲೆಕ್ಕ ಬರುತ್ತಿತ್ತು. ಕಡೆಗೆ ಮಗ ವರ್ನಿಯರ್ ಕಿತ್ತುಕೊಂಡು, "ನೀವು ಬಿಗಿ ಹಿಡೀತೀರಿ ಪಪ್ಪಾ, ಸಡಲ ಹಿಡೀರಿ," ಎಂದು ತಾನೇ ಅಳೆದು ಬರೆದ. ಎರಡಕ್ಷರದ ಗುರುತನ್ನು ಸೀಸದ ಕಡ್ಡಿಯಿಂದ ಹಾಳೆಗೆ ಉಜ್ಜಿ ತೆಗೆದೆವು, ಸಣ್ಣವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಮಾಡುತ್ತಿದ್ದೆವಲ್ಲ, ಹಾಗೆ.

ಆ ಹಾಳೆ ಹಿರಿಯರ ಕೈಗೆ, ಅವರಿಂದ ಕಲಕತ್ತೆಯ ಅಂಗಡಿಗೆ ಹೋಯಿತು. ಆಮೇಲೆ ಎರಡು ತಿಂಗಳು ಸುದ್ದಿ ಇಲ್ಲ. ಬಂದದ್ದು ಒಂದು ಫೋಟೋ: ಎರಡು ಮ್ಯಾಗಜಿನ್, ಪಕ್ಕದಲ್ಲಿ ಅಳತೆಪಟ್ಟಿ. ಒಂದರ ತಳದಲ್ಲಿ ಅದೇ ತತ್ತಿ, ಅದೇ ಎರಡಕ್ಷರ. ಇನ್ನೊಂದರ ಗುರುತು ಸವೆದುಹೋಗಿತ್ತು. ಎರಡಕ್ಕೂ ಕೂಡಿ ಒಂಬತ್ತು ಸಾವಿರ ಎಂದರು. ನೂರು ವರ್ಷದ ಎರಡು ತಗಡಿನ ತುಂಡಿಗೆ ಒಂಬತ್ತು ಸಾವಿರ. ಅಪ್ಪನಿಗೆ ನಾನು ಆರು ಎಂದು ಹೇಳಿದ್ದೇನೆ, ಓದುವವರು ಯಾರೂ ತಿದ್ದಬಾರದು. ಕೊರಿಯರ್‌ನಲ್ಲಿ ನನ್ನ ವಿಳಾಸಕ್ಕೆ ಬರುವ ವಸ್ತುವಲ್ಲ ಇದು. ಅಂಗಡಿಯಿಂದ ಅಂಗಡಿಗೆ, ಅವರವರ ರಿಜಿಸ್ಟರಿನಲ್ಲಿ ದಾಖಲಾಗಿ, ನನ್ನ ಲೈಸೆನ್ಸಿನ ನಕಲು ಹಚ್ಚಿ ಬರಲು ಮತ್ತೊಂದು ತಿಂಗಳು.

ಮಾರ್ಚ್ ಕೊನೆಯ ವಾರ ಹುಬ್ಬಳ್ಳಿಯಿಂದ ಫೋನ್ ಬಂತು. ಅವತ್ತೇ ಹೋದೆ. ಗುರುತು ಹೊಂದುವ ಮ್ಯಾಗಜಿನ್ನನ್ನು ಮೊದಲು ಹಾಕಿದರು. ಒಳಗೆ ಹೋಯಿತು, ಕೊಂಡಿ ಬಿತ್ತು. ಹಿರಿಯರು ಪಿಸ್ತೂಲನ್ನು ನನ್ನ ಕಿವಿಯ ಹತ್ತಿರ ತಂದು ಅಳ್ಳಾಡಿಸಿದರು. ಸಪ್ಪಳ ಇಲ್ಲ. ಇಬ್ಬರೂ ನಕ್ಕೆವು. ನಗು ಮುಗಿಯುವಷ್ಟರಲ್ಲಿ ಅವರು ಅದರ ತುಟಿಯನ್ನು ಭೂತಗಾಜಿನಲ್ಲಿ ನೋಡಿ, "ಛೆ," ಅಂದರು. ಎಡಗಡೆಯ ತುಟಿಯ ಬುಡದಲ್ಲಿ ಕೂದಲಿನಂಥ ಸೀಳು. ಇಂದಲ್ಲ ನಾಳೆ ಮುರಿಯುವುದು.

ಗುರುತಿಲ್ಲದ ಎರಡನೆಯದು ಒಳಗೆ ಹೋಗಲು ಸ್ವಲ್ಪ ತಕರಾರು ಮಾಡಿತು, ಆದರೆ ಎತ್ತರ ಸರಿಯಾಗಿತ್ತು, ತುಟಿ ಗಟ್ಟಿ ಇತ್ತು. ಸ್ಪ್ರಿಂಗು ಮಾತ್ರ ಸತ್ತುಹೋಗಿತ್ತು. ಅವರ ರಿಪೇರಿಯವರು ಮೊದಲನೆಯದರ ಸ್ಪ್ರಿಂಗನ್ನು ಎರಡನೆಯದಕ್ಕೆ ಹಾಕಿದರು. ಒಂದು ಸರಿ ಮಾಡಲು ಎರಡು ಬೇಕಾಯಿತು ಎಂದುಕೊಂಡರೆ ಒಂಬತ್ತು ಸಾವಿರಕ್ಕೆ ಸಮಾಧಾನ.

ಡಮ್ಮಿ ಗುಂಡಿನಲ್ಲಿ ಹತ್ತು ಸಲ ಎಳೆದರು, ಎಂಟು ಸಲ ಸರಿ, ಎರಡು ಸಲ ಸಿಕ್ಕಿಹಾಕಿಕೊಂಡಿತು. ಕಾರಣ ಗುಂಡಿನಲ್ಲೇ ಇತ್ತು. .32 ಎಸಿಪಿಯ ಬುಡದ ಅಂಚು ಮೈಗಿಂತ ಕೂದಲೆಳೆ ದೊಡ್ಡದು, 9.1 ಮಿಲಿಮೀಟರ್. ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ, ಆಮೇಲೆ ಸ್ಪ್ರಿಂಗು ಎಷ್ಟು ನೂಕಿದರೂ ಅಲ್ಲಾಡುವುದಿಲ್ಲ. ಪ್ರತಿ ಗುಂಡನ್ನೂ ಮುಂದಿನಿಂದ ಒತ್ತಿ ಹಿಂದಕ್ಕೆ ಜಾರಿಸಿ, ಅದರ ಅಂಚು ಕೆಳಗಿನದರ ಅಂಚಿನ ಮುಂದೆಯೇ ಕೂತಿದೆಯೇ ಎಂದು ಪಕ್ಕದ ತೂತಿನಿಂದ ನೋಡಬೇಕು. ಶಾವಿಗೆ ಒಣಹಾಕಿದ ಹಾಗೆ ನಾಜೂಕಿನ ಕೆಲಸ. ಹಾಗೆ ತುಂಬಿದ ಮೇಲೆ ತಕರಾರು ನಿಂತಿತು.

ಅವರ ಅಂಗಡಿಗೆ ಪರೀಕ್ಷೆಯ ಲೈಸೆನ್ಸೂ ಇದೆ. ಹಿಂದಿನ ಕೋಣೆಯಲ್ಲಿ ಮರಳಿನ ಡ್ರಮ್ಮಿಗೆ ರಿಪೇರಿಯವರೇ ಹೊಡೆದು ನೋಡಿದರು. ಏಳರವರೆಗೆ ಸರಾಗ. ಎಂಟು, ಒಂಬತ್ತು ತುಂಬಿದರೆ ಮೊದಲ ಗುಂಡನ್ನೇ ಸ್ಪ್ರಿಂಗು ಬಿಗಿಯಾಗಿ ಎತ್ತಲಾರದು. "ಏಳು ತುಂಬ್ರಿ. ಸ್ಪ್ರಿಂಗಿಗೂ ವಯಸ್ಸಾಗೇದ," ಅಂದರು ಹಿರಿಯರು.

ಮನೆಗೆ ಬಂದು ಅಪ್ಪನ ಮುಂದೆ ಖಾಲಿ ಪಿಸ್ತೂಲನ್ನು ಅಳ್ಳಾಡಿಸಿ ತೋರಿಸಿದೆ. ತಲೆಯಾಡಿಸಿದರು. ಏಳು ಎಂದಾಗ ಮಾತ್ರ, "ಏಳ?" ಎಂದು ಎರಡು ಸಲ ಕೇಳಿದರು. ಒಂಬತ್ತರ ಪಿಸ್ತೂಲು ಏಳಕ್ಕೆ ಇಳಿದದ್ದು ಅವರಿಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಮುತ್ಯಾ ಆ ಒಂಬತ್ತರಲ್ಲಿ ಒಂದನ್ನೂ ಯಾವತ್ತೂ ಯಾರ ಮೇಲೂ ಹಾರಿಸಲಿಲ್ಲ ಎನ್ನುವುದು ಬೇರೆ ಮಾತು.

ಇನ್ನು ಉಳಿದದ್ದು ಆ ಎಂಟರ ಮ್ಯಾಗಜಿನ್. ಅದು ನನ್ನದಲ್ಲ, ನನ್ನ ಹತ್ತಿರ ಇಟ್ಟುಕೊಳ್ಳುವುದೂ ಸರಿಯಲ್ಲ. ಠಾಣೆಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆದು, ಮ್ಯಾಗಜಿನ್ನನ್ನು ಹಿರಿಯರ ಅಂಗಡಿಯಲ್ಲಿ ಜಮಾ ಮಾಡಿದೆ. ಅವರು ರಿಜಿಸ್ಟರಿನಲ್ಲಿ ಬರೆದುಕೊಂಡು, ಅದಕ್ಕೆ ದಾರದಿಂದ ಒಂದು ರಟ್ಟಿನ ಚೀಟಿ ಕಟ್ಟಿದರು. ಚೀಟಿಯ ಮೇಲೆ ಬರೆದದ್ದು ಇಷ್ಟು: "ಗದಗ ಕಡೇದು. ಎಂಟರದು. ಯಾರದೋ."

ಆ ಯಾರದೋ ಮನೆಯಲ್ಲಿ ನಮ್ಮ ಒಂಬತ್ತರದು ಇರಬೇಕು. ಅವರ ಪಿಸ್ತೂಲಿಗೆ ಹಾಕಿದರೆ ಒಂದು ಗುಂಡಿನಷ್ಟು ಕೆಳಗೆ ಇಣುಕುತ್ತಿರುತ್ತದೆ, ಕೊಂಡಿ ಬೀಳುತ್ತಿರಲಾರದು. ಅಥವಾ ಅವರು ಇನ್ನೂ ಚೀಲದಿಂದ ತೆಗೆದೇ ಇಲ್ಲ. ನಾನು ಸಂತೆಗೆ, ಕೊಳ್ಳಲಿಕ್ಕೆ, ಯಾವುದಕ್ಕೆ ಹುಬ್ಬಳ್ಳಿಗೆ ಹೋಗಿ ಬಂದರೂ ಅಪ್ಪ ಜೋಕಾಲಿ ನಿಲ್ಲಿಸಿ ಮೊದಲು ಅದನ್ನೇ ಕೇಳುತ್ತಾರೆ: "ಅವ ಬಂದಿದ್ನೇನು?"

ಇನ್ನೂ ಬಂದಿಲ್ಲ.